ಸುದ್ದಿ ಕೇಳಿದ ಸ್ನಾನ

॥ ಶ್ರೀ ॥

ಐವಾನ್-ಎ-ಶಾಹಿ, ಕಲಬುರಗಿ
೨೦ ಜನವರಿ ೨೦೨೬, ಮಂಗಳವಾರ

ಪ್ರೀತಿಯ ಮಂಜು,

ಅಣ್ಣ-ವೈನಿಯ ಆಶೀರ್ವಾದಗಳು. ‘ನಾವೆಲ್ಲ ಇಲ್ಲಿ ಆರಾಮ’ ಎಂದು ಶುರು ಮಾಡುವುದು ರೂಢಿ. ಅದನ್ನು ಬರೆದು ಆಮೇಲೆ ತಿದ್ದುವುದಕ್ಕಿಂತ, ನಿನ್ನ ಅವ್ವನ ಜ್ವರ ಇಳಿದಿದೆ, ನಿನ್ನೆಯಿಂದ ಮೊಸರನ್ನ ಉಣ್ಣುತ್ತಿದ್ದಾರೆ ಎಂದು ಮೊದಲೇ ಹೇಳಿಬಿಡುತ್ತೇನೆ. ಜ್ವರ ಯಾವಾಗ ಬಂತು ಎಂದು ನೀನು ಕೇಳುತ್ತೀ. ಅದಕ್ಕೇ ಈ ಪತ್ರ.

ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಶುಕ್ರವಾರ ಸಂಜೆ ನೀನು ಗಾಬರಿಯಾಗಿ ಫೋನ್ ಮಾಡಿ, “ವೈನಿ, ಅವ್ವನ ಮಿಸ್ಡ್ ಕಾಲ್ ಸಾಲಾಗಿ ಬಂದಾವ, ಏನಾಗ್ಯದ?” ಎಂದು ಕೇಳಿದೆ. “ಏನಿಲ್ಲ, ಸಂಕ್ರಮಣದ ಕುಸುರೆಳ್ಳು ಮುಟ್ಟ್ಯಾವೇನು ಅಂತ ಕೇಳಲಿಕ್ಕೆ ಮಾಡಿದ್ರು” ಎಂದೆನಲ್ಲ, ಅದು ಶುದ್ಧ ಸುಳ್ಳು. ಅವ್ವ ನನ್ನ ಪಕ್ಕದಲ್ಲೇ ಎರಡು ರಗ್ಗು ಹೊದ್ದು ಮಲಗಿದ್ದರು. ಈ ಮನೆಯಲ್ಲಿ ಫೋನಿನಲ್ಲಿ ಆಡಿದ ಮಾತು ಗೋಡೆಗೂ ಕೇಳುತ್ತದೆ, ವಾಟ್ಸಾಪಿನಲ್ಲಿ ಇಷ್ಟುದ್ದ ಕುಟ್ಟುವುದು ನನ್ನಿಂದಾಗದು. ನಿನ್ನ ಶಾಲೆಗೆ ಇಲ್ಲಿಂದ ದಿನಾ ಬಂದು ಹೋಗುವ ಗೌಸಿಯಾ ಟೀಚರ್ ಕೈಯಲ್ಲಿ ಕೊಟ್ಟರೆ ನೇರ ನಿನ್ನ ಕೈ ಸೇರುತ್ತದೆ. ಜೊತೆಗಿರುವ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಇದೆ. ಕಮಲಾಪುರದಿಂದ ನೀನು ಕಳಿಸಿದ ಕೆಂಪು ಬಾಳೆಹಣ್ಣು ಮುಗಿದವು. ದೇವರ ನೈವೇದ್ಯಕ್ಕೆಂದು ಎತ್ತಿಟ್ಟದ್ದರಲ್ಲಿ ಅರ್ಧ ನಿಮ್ಮಣ್ಣನ ಹೊಟ್ಟೆ ಸೇರಿತು.

ಈಗ ವಿಷಯಕ್ಕೆ ಬರುತ್ತೇನೆ. ಅವ್ವ ಟಿ.ವಿ. ಮುಂದೆ ಕೂರುವುದು ನಿನಗೆ ಗೊತ್ತೇ ಇದೆ. ಧಾರಾವಾಹಿ ಬೇಡ, ದೇವರ ಪದ ಬೇಡ, ಬೆಳಗಿನಿಂದ ಸುದ್ದಿಯೇ ಸುದ್ದಿ. “ಅತ್ಯಾ, ಸರಕಾರ ನಡಸೂದು ನಿಮ್ಮ ಕಡೆನೇ ಕೊಟ್ಟಾರೇನು?” ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಆದರೆ ಅವರು ಸರಕಾರದ ಸುದ್ದಿ ನೋಡುತ್ತಿರಲಿಲ್ಲ. ಆ ಸುದ್ದಿ ಬಂದರೆ ಎದ್ದು ಹೋಗಿ ಬತ್ತಿ ಹೊಸೆಯುತ್ತಿದ್ದರು. ಎಲ್ಲಿ ಯಾರು ಸತ್ತರು ಎಂಬುದು ಬಂದರೆ ಮಾತ್ರ ಮತ್ತೆ ಬಂದು ಕೂರುತ್ತಿದ್ದರು.

ಹೋದ ತಿಂಗಳು ಉತ್ತರದ ಕಡೆ ಎಲ್ಲೋ ಯಾತ್ರಿಕರ ಬಸ್ಸು ಘಾಟಿನಲ್ಲಿ ಉರುಳಿತು. ಬಸ್ಸು ಬಿದ್ದದ್ದು ಒಂದು ಸಲ. ನಮ್ಮ ಮನೆಯಲ್ಲಿ ಅದು ಬೆಳಗಿನಿಂದ ಸಂಜೆಯ ತನಕ ಬೀಳುತ್ತಲೇ ಇತ್ತು. ಕೆಂಪು ಗೆರೆಯ ದುಂಡು, ಅದಕ್ಕೊಂದು ಬಾಣ, ಹಿಂದೆ ಡಂ ಡಂ ಎಂದು ಬಾರಿಸುವ ಸದ್ದು. ಮಣ್ಣಿನಲ್ಲಿ ಬಿದ್ದಿದ್ದ ಒಂದು ಕೂಸಿನ ಚಪ್ಪಲಿಯನ್ನು ಹತ್ತಿರ, ಇನ್ನೂ ಹತ್ತಿರ ತೋರಿಸಿದರು. ನಾನು ಕಾಲೇಜಿನ ಆಫೀಸಿನಿಂದ ಬಂದು ಬಾಗಿಲು ತೆಗೆದರೆ ಬಚ್ಚಲಿನಿಂದ ದೇವರ ಮನೆಯ ತನಕ ಒದ್ದೆ ಹೆಜ್ಜೆಗಳು. ಅವ್ವ ಉಟ್ಟ ಸೀರೆಯಲ್ಲೇ ತಲೆಯ ಮೇಲೆ ನೀರು ಹಾಕಿಕೊಂಡು, ನೀರು ಸೋರುತ್ತ ನಿಂತಿದ್ದರು.

ಬಳಗದಲ್ಲಿ ಯಾರಾದರೂ ಸತ್ತ ಸುದ್ದಿ ಕಿವಿಗೆ ಬಿದ್ದರೆ ಕೂತಲ್ಲಿಂದ ಎದ್ದು ಹೀಗೆ ಸ್ನಾನ ಮಾಡುವುದನ್ನು ನೀನೂ ಈ ಮನೆಯಲ್ಲಿ ನೋಡಿ ಬೆಳೆದವಳು.

“ಯಾರು ಹೋದ್ರು ಅತ್ಯಾ?” ಎಂದೆ.

“ನಮ್ಮವರಲ್ಲ. ಬಸ್ಸಿನವರು,” ಎಂದರು.

“ಅವರಿಗ್ಯಾಕ ನೀವು ನೀರು ಹಾಕೋಬೇಕ್ರೀ?”

“ಅವರಿಗೂ ಯಾರೋ ಇರ್ತಾರಲ್ಲ. ಅವರಿಗೆ ಇನ್ನಾ ತಿಳಿದದೋ ಇಲ್ಲೋ. ನನಗಂತೂ ತಿಳೀತು.”

ನಾನು ನಕ್ಕುಬಿಟ್ಟೆ. ಮಾರನೆಯ ದಿನ ಆಫೀಸಿನಲ್ಲೂ ಹೇಳಿ ನಗಿಸಿದೆ. ಆದರೆ ಟಿ.ವಿ.ಯಲ್ಲಿ ಸಾವಿನ ಸಂಖ್ಯೆ ಏರಿದಾಗಲೆಲ್ಲ ಅವ್ವ ಮತ್ತೆ ಬಚ್ಚಲಿಗೆ ಹೋಗತೊಡಗಿದರು. ಗೀಸರ್ ಕಾಯುವ ತನಕ ನಿಲ್ಲುವುದಿಲ್ಲ, ತಣ್ಣೀರೇ. ಬಸ್ಸಿನವರಾದ ಮೇಲೆ ಸಿಲಿಂಡರ್ ಸಿಡಿದವರು, ಅವರಾದ ಮೇಲೆ ಕೆರೆಗೆ ಈಜಲು ಹೋದ ಹುಡುಗರು, ಅವರಾದ ಮೇಲೆ ಹೊರದೇಶದ ಯುದ್ಧ. “ಪರದೇಶದವರಿಗೂ ಏನ್ರೀ ಅತ್ಯಾ?” ಎಂದರೆ, “ಅವರಿಗೇನು ತಾಯಿ ಇಲ್ಲೇನು?” ಎಂದು ನನ್ನನ್ನೇ ಗದರಿಸಿದರು.

ನಿದ್ದೆ ಹೋಯಿತು. ನಿಮ್ಮಣ್ಣ ಆಫೀಸಿಗೆ ಹೋದರೆ “ಪವಮಾನಾ, ಮುಟ್ಟಿದ ಮ್ಯಾಲ ಫೋನ್ ಮಾಡು” ಎನ್ನುವುದು. ಅವರು ಮರೆತರೆ ಇವರಿಗೆ ಎದೆ ಹಾರುವುದು. ನನಗೂ ಏನೋ ಆಗಿಬಿಟ್ಟಿತ್ತು ಮಂಜು. ಆ ಡಂ ಡಂ ಸದ್ದು ಬಂದರೆ ಅಡುಗೆಮನೆಯಲ್ಲಿದ್ದ ನನ್ನ ಎದೆ ಧಸ್ಸೆನ್ನುತ್ತಿತ್ತು. ಒಗ್ಗರಣೆ ಸೀದುಹೋಗುತ್ತಿತ್ತು. ನೋಡಬಾರದು ಎನ್ನುತ್ತಲೇ ಸೌಟು ಹಿಡಿದು ಬಂದು ನಿಂತು ನೋಡುತ್ತಿದ್ದೆ. ಇನ್ನು ನಿಮ್ಮಣ್ಣ! ಅವ್ವನಿಗೆ ಬುದ್ಧಿ ಹೇಳಿ ತಾವು ಬಾಲ್ಕನಿಯಲ್ಲಿ ನಿಂತು ಮೊಬೈಲಿನಲ್ಲಿ ಅದೇ ಬಸ್ಸು ನೋಡುತ್ತಿದ್ದರು.

ಸ್ಟೇಶನ್ ಬಜಾರದ ನಮ್ಮ ಡಾಕ್ಟರಿಗೆ ತೋರಿಸಿದೆವು. ಬಿ.ಪಿ. ಏರಿತ್ತು. ಅವರು ಹೇಳಿದ ಮಾತು ನನಗೆ ಸರಿ ಎನಿಸಿತು: “ಅದು ಟಿ.ವಿ. ಅಂತ ಕಣ್ಣಿಗೆ ಗೊತ್ತದರೀ, ಎದಿಗೆ ಗೊತ್ತಿಲ್ಲ. ದಿನಾ ಮನಿಯೊಳಗ ಸಾವಾದಂಗ ಬಡಕೋತದ. ಸುದ್ದಿ ಕಮ್ಮಿ ಮಾಡ್ರಿ. ಆದ್ರ ಅವರಿಗೆ ಹೇಳಿ, ಒಪ್ಪಿಸಿ, ಮೆಲ್ಲಕ ಕಮ್ಮಿ ಮಾಡ್ರಿ. ಒಮ್ಮೆ ಮನಸ್ಸಿನ ಡಾಕ್ಟರಿಗೂ ತೋರಸ್ರಿ.” ನಿಮ್ಮಣ್ಣನ ಕಿವಿಗೆ ಬಿದ್ದದ್ದು ‘ಕಮ್ಮಿ ಮಾಡ್ರಿ’ ಅಷ್ಟೇ. ಅದೇ ವಾರ ನೀನೂ ಫೋನಿನಲ್ಲಿ “ಕೇಬಲ್ ಕಿತ್ತೊಗಿ ಅಣ್ಣಾ, ಎರಡು ದಿನ ಕಿರಿಕಿರಿ ಮಾಡ್ತಾಳ, ಆಮ್ಯಾಲ ಮರೀತಾಳ” ಎಂದೆ. ಅದು ನನಗೂ ಸರಿ ಎನಿಸಿತ್ತು, ಆದ್ದರಿಂದ ನಿನ್ನನ್ನು ದೂರುವ ಹಕ್ಕು ನನಗಿಲ್ಲ.

ಸಂಕ್ರಮಣದ ದಿನ ಸಂಜೆ ನಿಮ್ಮಣ್ಣ ಕುರ್ಚಿ ಹತ್ತಿದರು. ಚಿಕ್ಕಂದಿನಲ್ಲಿ ಹುಣಸೆಮರದಿಂದ ಬಿದ್ದ ಆ ಎಡಗೈ ನಿನಗೆ ಗೊತ್ತಲ್ಲ, ಮೊಣಕೈ ನೆಟ್ಟಗಾಗುವುದಿಲ್ಲ. ಆ ಸೊಟ್ಟ ಕೈಯಲ್ಲಿ ಗೋಡೆ ಹಿಡಿದು, ಬಲಗೈಯಲ್ಲಿ ಕೇಬಲ್ ಬಿಚ್ಚಿ ಸುರುಳಿ ಸುತ್ತಿ ಅಟ್ಟದ ಮೇಲೆ ಇಟ್ಟರು. ಅವ್ವ ದೇವರ ಮನೆಯಿಂದ ಬಂದಾಗ, “ಕೇಬಲ್ ಹೋಗ್ಯದ ಅವ್ವಾ. ಎರಡು ದಿನ ಆಗ್ತದಂತ,” ಎಂದರು.

ಅವ್ವ ಅವರ ಮುಖವನ್ನೇ ನೋಡಿದರು. “ಹೌದೇನು,” ಎಂದರು. ಅಷ್ಟೇ. ಜಗಳವಿಲ್ಲ, ಗೊಣಗಾಟವಿಲ್ಲ. ಇಷ್ಟು ಸುಲಭವಿತ್ತೆಂದು ಗೊತ್ತಿದ್ದರೆ ಮೊದಲೇ ಮಾಡಬಹುದಿತ್ತು ಎಂದು ನಾವಿಬ್ಬರೂ ಒಳಗೊಳಗೇ ಖುಷಿಪಟ್ಟೆವು.

ಶುಕ್ರವಾರ ನಾವು ಆಫೀಸಿಗೆ ಹೋದ ಮೇಲೆ ಅವ್ವ ಫೋನ್ ಹಿಡಿದು ಕುಳಿತಿದ್ದಾರೆ. ಬೀದರಿನ ಚಿಕ್ಕಮ್ಮ, ಸೊಲ್ಲಾಪುರದ ಮಾವ, ರಾಯಚೂರಿನವರು, ಹೀಗೆ ಒಬ್ಬೊಬ್ಬರಿಗೂ ಮಾಡಿ “ಎಲ್ಲಾರೂ ಆರಾಮ ಇದ್ದೀರಲ್ಲ? ಮನಿಯವರ ಕಡೆ ಫೋನ್ ಕೊಡು, ಧ್ವನಿ ಕೇಳಿಸು” ಎಂದಿದ್ದಾರೆ. ಎಲ್ಲರೂ ಧ್ವನಿ ಕೇಳಿಸಿದ್ದಾರೆ. ಉಳಿದವಳು ನೀನು. ನಿನಗೆ ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಕೆಲಸ, ಫೋನು ಹೆಡ್ ಮಾಸ್ತರರ ಕಪಾಟಿನಲ್ಲಿ. ಅದು ಹೊಡೆದುಕೊಂಡೇ ಹೊಡೆದುಕೊಂಡಿದೆ, ಯಾರೂ ಎತ್ತಿಲ್ಲ.

ಅವ್ವ ಹೊಸ ಸೀರೆ ಉಟ್ಟು, ಬಸ್ಸಿಗೆ ಬೇಕೆಂದು ಆಧಾರ್ ಕಾರ್ಡ್ ನೆನಪಿನಿಂದ ಚೀಲಕ್ಕೆ ಹಾಕಿಕೊಂಡು, ಬೀಗದ ಕೈ ಪಕ್ಕದ ಮನೆಯ ಜಾಹೇದಾ ಕೈಗೆ ಕೊಟ್ಟು, “ಮಂಜುನ ಮನಿಗೆ ಹೋಗಿ ಬರ್ತೀನಿ ಬೇಟಿ” ಎಂದು ಹೊರಟಿದ್ದಾರೆ. ಜಾಹೇದಾಗೆ ಅನುಮಾನ ಬರಲು ಕಾರಣವೇ ಇಲ್ಲ. ಮಗಳ ಮನೆಗೆ ಹಬ್ಬದ ಮಾರನೆಯ ದಿನ ಹೋಗುವುದರಲ್ಲಿ ಏನಿದೆ?

ಮಧ್ಯಾಹ್ನ ನನಗೆ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. “ಮಾಧವಿಬಾಯಿ ಏನ್ರೀ? ನಾ ಅಣವೀರಪ್ಪ ಅಂತ್ರಿ, ಮಹಾಗಾಂವ ಕ್ರಾಸಿನ್ಯಾಗ ನಂದೊಂದು ಚಹಾದ ಹೋಟೆಲ್ ಅದ. ನಿಮ್ಮ ಅತ್ತಿ ಇಲ್ಲೇ ಕುಂತಾರ್ರೀ. ಗಾಬರಿ ಆಗಬ್ಯಾಡ್ರಿ, ಆದ್ರ ಲಗೂನ ಬರ್ರಿ. ಮೈಯೆಲ್ಲಾ ತೊಯ್ಸಿಕೊಂಡು ನಡಗಾಕತ್ತಾರ.”

ನಿಮ್ಮಣ್ಣ ಸ್ಕೂಟರಿನಲ್ಲಿ ನನ್ನನ್ನು ಕೂರಿಸಿಕೊಂಡು ಹೇಗೆ ಓಡಿಸಿದರೋ ನನಗೆ ನೆನಪಿಲ್ಲ. ಹೋಗಿ ನೋಡಿದರೆ, ಮಡಿ ಮಡಿ ಎಂದು ನನ್ನ ಕೈ ನೀರನ್ನೂ ಹತ್ತು ಸಲ ನೋಡಿ ಕುಡಿಯುವ ನಿನ್ನ ಅವ್ವ, ಅಣವೀರಪ್ಪನವರ ಹೆಂಡತಿ ಕಸ್ತೂರಿಬಾಯಿಯವರ ಇಳಕಲ್ ಸೀರೆ ಉಟ್ಟು, ಅವರ ಒಲೆಯ ಮುಂದೆ ಕೂತು, ಗಾಜಿನ ಲೋಟದಲ್ಲಿ ಚಹಾ ಕುಡಿಯುತ್ತಿದ್ದರು. ತುಟಿ ನೀಲಿಯಾಗಿತ್ತು.

ಕಸ್ತೂರಿಬಾಯಿ ನನ್ನನ್ನು ಬದಿಗೆ ಕರೆದು ಹೇಳಿದರು: “ಬಸ್ಸಿಳದವರ ಸೀದಾ ನಮ್ಮ ನೀರಿನ ಡ್ರಮ್ಮಿನ ಕಡಿ ಹೋದ್ರು ನೋಡ್ರಿ. ಚೊಂಬಿಲೆ ತಲಿಮ್ಯಾಲ ಸುರಕೊಳ್ಳಾಕತ್ತರು. ಯಾರು ತೀರಿಕೊಂಡ್ರು ಯವ್ವಾ ಅಂತ ಕೇಳಿದ್ನಿ. ‘ನಮ್ಮ ಮನಿಯೊಳಗ ಯಾರೋ. ಯಾರು ಅಂತ ಇನ್ನಾ ಹೇಳಿಲ್ಲ’ ಅಂದ್ರು. ಹೇಳಲಾರದ ಹ್ಯಾಂಗ ತಿಳೀತ್ರಿ ಅಂದ್ರ, ‘ಕೇಬಲ್ ತಗದಾರ’ ಅಂದ್ರು. ನನಗೇನೂ ತಿಳೀಲಿಲ್ಲ ಬಿಡ್ರಿ.”

ನನಗೆ ತಿಳಿಯಿತು. ನಿಮ್ಮಣ್ಣನಿಗೂ ತಿಳಿಯಿತು. ಅವರು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು.

ನಿನಗೂ ತಿಳಿದಿರಬೇಕು. ಕೊರೊನಾದ ಎರಡನೆಯ ವರ್ಷ ನಮ್ಮ ವಿಜು, ವಿಜಯೀಂದ್ರ, ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅವ್ವ ಅದೇ ಜ್ವರದಲ್ಲಿ ಒಳಗಿನ ಕೋಣೆಯಲ್ಲಿದ್ದರು, ಆಗ ಟಿ.ವಿ.ಯೂ ಅಲ್ಲೇ ಇತ್ತು. ನಿಮ್ಮಣ್ಣ ಒಬ್ಬರೇ ಸುಡುಗಾಡಿಗೆ ಹೋಗಿ ತಮ್ಮನ ಕೆಲಸ ಮುಗಿಸಿ ಬಂದರು. ಬಂದವರು ಹೊರಗಿನ ತೊಟ್ಟಿಯ ಹತ್ತಿರ ಸ್ನಾನ ಮಾಡಿ, ಮೊದಲು ಮಾಡಿದ ಕೆಲಸ ಕೇಬಲ್ ತೆಗೆದದ್ದು. ಕೊರೊನಾ ಸುದ್ದಿ ನೋಡಿ ಅವ್ವ ಹೆದರಬಾರದು, ವಿಜುವಿನ ವಿಷಯ ತಿಳಿಯಬಾರದು ಎಂದು. “ಕೇಬಲ್ ಹೋಗ್ಯದ ಅವ್ವಾ” ಎಂದು ಅವತ್ತೂ ಅದೇ ಮಾತು ಹೇಳಿದ್ದರು. ಹದಿಮೂರನೆಯ ದಿನದ ವೈಕುಂಠ ಸಮಾರಾಧನೆ ಆಗುವ ತನಕ ಹೇಳುವುದು ಬೇಡ, ಜೀವಕ್ಕೆ ಅಪಾಯ ಎಂದು ನಾವೆಲ್ಲ ಸೇರಿ ಗಟ್ಟಿ ಮಾಡಿಕೊಂಡೆವು. ಲಾಕ್‌ಡೌನಿನಲ್ಲಿ ಕಮಲಾಪುರದಲ್ಲಿ ಸಿಕ್ಕಿಬಿದ್ದಿದ್ದ ನೀನೂ ದಿನಾ ಸಂಜೆ ಫೋನ್ ಮಾಡಿ ನಿನ್ನ ಪಾಲಿನ ಸುಳ್ಳು ಹೇಳಿದೆ. ಕೊನೆಗೆ ನಿಮ್ಮಣ್ಣ ಬಾಗಿಲಲ್ಲಿ ನಿಂತು ವಿಷಯ ತಿಳಿಸಿದಾಗ ಅವ್ವ “ಹೌದೇನು” ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಎಷ್ಟು ಗಟ್ಟಿ ಹೆಂಗಸು ಎಂದು ನಾವು ನಮ್ಮನಮ್ಮಲ್ಲೇ ಮಾತಾಡಿಕೊಂಡೆವು.

ಹಾಗಾಗಿ ಅವರ ಲೆಕ್ಕದಲ್ಲಿ, ಈ ಮನೆಯಲ್ಲಿ ಟಿ.ವಿ. ನಿಂತರೆ ಯಾರೋ ಹೋಗಿದ್ದಾರೆ, ನಾವು ಮುಚ್ಚಿಡುತ್ತಿದ್ದೇವೆ.

ಹೋಟೆಲಿನಲ್ಲಿ ಅವ್ವ ಮಗನನ್ನು ನೋಡಿ, “ಯಾರು ಪವಮಾನಾ?” ಎಂದು ಕೇಳಿದರು.

“ಯಾರೂ ಇಲ್ಲವ್ವಾ. ಖರೇನ ಯಾರೂ ಇಲ್ಲ.”

“ಮಂಜು?”

ನಿಮ್ಮಣ್ಣ ಆಣೆ ಮಾಡಿದರು, ನಾನು ಆಣೆ ಮಾಡಿದೆ. ನಮ್ಮ ಆಣೆಗೆ ಅಲ್ಲಿ ಮೂರು ಕಾಸಿನ ಬೆಲೆ ಇರಲಿಲ್ಲ. “ಕಮಲಾಪುರ ಹತ್ರ ಬಂದಂಗ ಕಾಲಾಗಿನ ಶಕ್ತಿ ಹೋತು. ಹೋಗಿ ತಿಳಕೊಳ್ಳೂ ಮೊದಲ ನೀರು ಹಾಕೋಬೇಕು ಅನಸ್ತು, ಇಳದೆ,” ಎಂದರು. ಕೊನೆಗೆ ನಿಮ್ಮ ಶಾಲೆಯ ಆಫೀಸಿಗೆ ಫೋನ್ ಹಚ್ಚಿದೆವು. ಅಲ್ಲಿಯ ಗುಮಾಸ್ತರು ಪುಣ್ಯಾತ್ಮರು, ವಿಷಯ ಕೇಳಿ ತಮ್ಮ ಮೊಬೈಲ್ ಹಿಡಿದುಕೊಂಡು ನಿನ್ನ ಪರೀಕ್ಷಾ ಕೋಣೆಯ ಕಿಟಕಿಯ ತನಕ ನಡೆದು ಹೋದರು. ಹೇಳಬೇಡಿರೆಂದು ನಾವೇ ಬೇಡಿಕೊಂಡಿದ್ದರಿಂದ ನಿನಗೆ ಗೊತ್ತಾಗಲೇ ಇಲ್ಲ. ನೀನು ಆ ಹೊತ್ತಿಗೆ ಯಾರನ್ನೋ ಗದರಿಸುತ್ತಿದ್ದೆ: “ಏ, ಹಿಂದ ಏನು ನೋಡ್ತಿ? ನಿನ್ನ ಪೇಪರಿನ್ಯಾಗ ನೋಡು!” ಅವ್ವ ಫೋನನ್ನು ಕಿವಿಗೆ ಒತ್ತಿ ಹಿಡಿದು ಆ ಬೈಗಳವನ್ನು ಪೂರ್ತಿ ಕೇಳಿದರು. ಆಮೇಲೆ ಕಣ್ಣು ಮುಚ್ಚಿ, “ಕಸ್ತೂರಿ, ಇನ್ನೊಂದು ಅರ್ಧಾ ಚಹಾ ಕೊಡವ್ವಾ” ಎಂದರು.

ಕಾರು ಮಾಡಿಕೊಂಡು ಕರೆತಂದೆವು. ಅವತ್ತು ಸಂಜೆಯೇ ಜ್ವರ. ಎದೆಯಲ್ಲಿ ಕಫ ಕಟ್ಟಿದೆ, ಹೆದರುವಂಥದ್ದೇನಿಲ್ಲ ಎಂದು ಡಾಕ್ಟರು ಹೇಳಿದರು. ಜೊತೆಗೆ “ಹೇಳಿ, ಒಪ್ಪಿಸಿ ಅಂದಿದ್ನಲ್ಲರೀ” ಎಂದು ನಿಮ್ಮಣ್ಣನಿಗೆ ಚೆನ್ನಾಗಿ ಮಂಗಳಾರತಿ ಎತ್ತಿದರು. ಅದನ್ನು ಅವರು ತಲೆ ತಗ್ಗಿಸಿ ತೆಗೆದುಕೊಂಡರು.

ಶನಿವಾರ ಕೇಬಲ್ ಮತ್ತೆ ಹಾಕಿದೆವು, ಅವ್ವನ ಎದುರಿಗೇ. ಅದು ಹಾಳಾಗಿರಲಿಲ್ಲ, ನಾವೇ ತೆಗೆದದ್ದು ಎಂದೂ ಹೇಳಿದೆವು. ಅವ್ವ ನಕ್ಕರು. “ಟಿ.ವಿ. ನೋಡಿ ನನಗೇನು ಸುಖ ಅದ ಮಾಧವಿ? ಎದಿ ಹಿಂಡತದ. ಆದ್ರ ಅದು ಮುಚ್ಚಿಡೂದಿಲ್ಲ ನೋಡು,” ಎಂದರು. ಈಗ ಒಂದು ಒಪ್ಪಂದವಾಗಿದೆ. ಸಂಜೆ ಒಂದು ಸಲ ಸುದ್ದಿ, ಸದ್ದು ಸಣ್ಣದು, ನಾನು ಪಕ್ಕದಲ್ಲಿರಬೇಕು. ಅದೇ ದೃಶ್ಯ ಎರಡನೆಯ ಸಲ ಬಂದರೆ ಬಂದ್. ನಿಮ್ಮಣ್ಣನ ಬಾಲ್ಕನಿ ಸುದ್ದಿಯೂ ಬಂದ್. ಮನಸ್ಸಿನ ಡಾಕ್ಟರನ್ನು ನೋಡಲು ಮುಂದಿನ ವಾರ ಸಮಯ ತೆಗೆದುಕೊಂಡಿದ್ದೇವೆ. ಅವ್ವ “ನನಗೇನು ಹುಚ್ಚು ಹಿಡದದೇನು?” ಎಂದು ಮೊದಲು ಸಿಡುಕಿದರು, ಆಮೇಲೆ ಯಾವ ಸೀರೆ ಉಡಲಿ ಎಂದು ಕೇಳಿದರು. ಸ್ನಾನದ ವಿಷಯಕ್ಕೆ ಮಾತ್ರ ಇನ್ನೂ ಒಪ್ಪಿಲ್ಲ. “ನೋಡೋಣು” ಎನ್ನುತ್ತಾರೆ. ಬಿಸಿನೀರಾದರೂ ಆಗಲಿ ಎಂದು ಗೀಸರ್ ಹಚ್ಚಿಯೇ ಇಡುತ್ತೇನೆ.

ಇನ್ನೊಂದು ಕಟ್ಟಳೆ, ಇದು ನಿನಗೂ ಸೇರಿ. ಇನ್ನು ಮುಂದೆ ಒಳ್ಳೆಯದಿರಲಿ ಕೆಟ್ಟದ್ದಿರಲಿ, ಮೊದಲು ಅವ್ವನಿಗೆ. ನಿನ್ನ ಥೈರಾಯ್ಡಿನ ವಿಷಯ ನನಗೊಬ್ಬಳಿಗೇ ಹೇಳಿದ್ದೀಯಲ್ಲ, ಅದನ್ನು ನೀನೇ ಅವರಿಗೆ ಹೇಳಿಬಿಡು. ಬೈಯುತ್ತಾರೆ, ಬೈಸಿಕೋ.

ನಿಮ್ಮ ಮನೆಯವರಿಗೆ, ನರಸಿಂಹರಾಯರಿಗೆ, ನಮ್ಮಿಬ್ಬರ ನಮಸ್ಕಾರ. ಮಕ್ಕಳಿಗೆ ಮುತ್ತು. ಹೋಳಿಗೆ ಮೇಲೆ ತುಪ್ಪ ಹಾಕಿಕೊಂಡು ತಿನ್ನು, ಒಣಗಿರುತ್ತವೆ. ಗುರುರಾಯರು ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನ್ನ ಧ್ವನಿ ಹೀಗೇ ಗಟ್ಟಿಯಾಗಿರಲಿ.

ನಿನ್ನ ವೈನಿ,
ಮಾಧವಿ

ತಾ.ಕ.: ಪತ್ರ ಮಡಚಿ ಇಟ್ಟಿದ್ದೆ. ಗೌಸಿಯಾ ಟೀಚರ್ ಇವತ್ತು, ಬುಧವಾರ, ರಜೆ ಹಾಕಿದ್ದರಿಂದ ಇಲ್ಲೇ ಉಳಿಯಿತು. ಉಳಿದದ್ದು ಒಳ್ಳೆಯದಾಯಿತು.

ಅವ್ವನಿಗಾಗಿ ನಾನೂ ರಜೆಯಲ್ಲಿದ್ದೇನೆ. ಮಧ್ಯಾಹ್ನ ಅವ್ವ ಮತ್ತು ನಾನು ಹಸಿ ತೊಗರಿಕಾ‌ಯಿ ಸುಲಿಯುತ್ತ ಕೂತಿದ್ದೆವು. ಅವರು ತಲೆ ಎತ್ತದೆ, “ವಿಜು ಹೋದದ್ದು ನನಗ ಅವತ್ತೇ ಗೊತ್ತಿತ್ತು ಮಾಧವಿ,” ಎಂದರು.

ಅವತ್ತು ಮಧ್ಯಾಹ್ನ ಇಲ್ಲಿಯ ಕೇಬಲ್ ಚಾನೆಲ್ಲಿನಲ್ಲಿ ಸುಡುಗಾಡನ್ನು ಗೋಡೆಯ ಹೊರಗಿನಿಂದ ತೋರಿಸಿದರಂತೆ. ನೀಲಿ ಪ್ಲಾಸ್ಟಿಕ್ ಅಂಗಿ ತೊಟ್ಟ ಗಂಡಸರು, ಯಾರ ಮುಖವೂ ಕಾಣದು. ಅವರಲ್ಲಿ ಒಬ್ಬ ಬೆಂಕಿಯ ಮುಂದೆ ಎರಡೂ ಕೈ ಎತ್ತಿ ಮುಗಿದನಂತೆ. “ಎಡಗೈ ಪೂರ್ತಿ ಮ್ಯಾಲ ಹೋಗಲಿಲ್ಲ. ವರ್ಷಾನುಗಟ್ಟಲೆ ಎಣ್ಣಿ ಹಚ್ಚಿ ತಿಕ್ಕಿದ ಕೈ ಅದು. ಗುರುತು ಸಿಗೂದಿಲ್ಲೇನು?” ಎಂದರು.

ಎದ್ದು ಬಚ್ಚಲಿನ ಬಾಗಿಲ ತನಕ ಹೋದರಂತೆ. ಅಷ್ಟರಲ್ಲಿ ನಿಮ್ಮಣ್ಣ ಬಂದು ಹೊರಗೆ ತೊಟ್ಟಿಯ ಹತ್ತಿರ ನಿಂತು ಮತ್ತೆ ಮತ್ತೆ ಮುಖ ತೊಳೆಯುತ್ತಿದ್ದದ್ದು ಕಿಟಕಿಯಿಂದ ಕಂಡಿತಂತೆ. “ನಾ ನೀರು ಹಾಕೊಂಡ್ರ ನಿಮಗ ತಿಳೀತಿತ್ತು. ನನ್ನ ಸಲುವಾಗಿ ಅಷ್ಟು ಕಷ್ಟಪಟ್ಟು ಮುಚ್ಚಿಡ್ಲಿಕತ್ತಾನ, ಅದನ್ನ ಹ್ಯಾಂಗ ಮುರೀಲಿ? ಸುಮ್ನ ಹೋಗಿ ಮಲಕೊಂಡೆ. ಹೆತ್ತ ಮಗ ಹೋದ ಸುದ್ದಿ ಕೇಳಿ ತಲಿಮ್ಯಾಲ ಒಂದು ಚೊಂಬು ನೀರು ಹಾಕೊಳ್ಳಲಿಲ್ಲ ನಾನು. ಈಗ ಯಾರದೇ ಮಕ್ಕಳ ಸುದ್ದಿ ಕೇಳಿದ್ರೂ ಕೂಡಲಿಕ್ಕಾಗೂದಿಲ್ಲ.”

“ಹಂಗಾದ್ರ ಮಂಜು ದಿನಾ ಫೋನಿನ್ಯಾಗ ಹೇಳ್ತಿದ್ದದ್ದು?” ಎಂದು ಕೇಳಿದೆ.

“ಸುಳ್ಳಂತ ಗೊತ್ತಿತ್ತು. ಇವತ್ತು ಎರಡು ಚಮಚ ಗಂಜಿ ಕುಡದಾನ ಅವ್ವಾ, ಇವತ್ತು ಎದ್ದು ಕೂತಾನ ಅವ್ವಾ ಅಂತಿದ್ಲು. ಆದ್ರೂ ಸಂಜಿ ಆಗೂದನ್ನ ಹಾದಿ ಕಾಯ್ತಿದ್ದೆ. ಆಕಿ ಹೇಳೂತನಕ ಅವ ಇರ್ತಿದ್ದ.”

ಭಾನುವಾರ ಬಂದುಬಿಡು ಮಂಜು. ಅವ್ವ ವಿಜುವಿನ ಸ್ನಾನ ಮಾಡುತ್ತಾರಂತೆ. ನೀರು ನಾನು ಕಾಯಿಸಿ ಇಡುತ್ತೇನೆ, ತಲೆಯ ಮೇಲೆ ನೀನೇ ಹಾಕಬೇಕಂತೆ. ಹಾಕುವ ಮೊದಲು, ಅವನು ಹೋದ ಎಂದು ನೀನು ಬಾಯಿ ಬಿಟ್ಟು ಹೇಳಬೇಕಂತೆ.